ಅಂಜನಾದ್ರಿ ಅರ್ಧಕ್ಕೇ ಸುಸ್ತಾಯಿತು, ಸಂಡೂರಿನ ಬೆಟ್ಟ ಹತ್ತಬಹುದಾ?

ಏಪ್ರಿಲ್‌ನಲ್ಲಿ, ಬೆಳಿಗ್ಗೆ 11ಕ್ಕೆ ಹಂಪಿ ಹತ್ತಿರದ ಅಂಜನಾದ್ರಿ ಬೆಟ್ಟ ಹತ್ತಲು ಶುರು ಮಾಡಿ, ಅರ್ಧದಲ್ಲೇ ತಲೆ ಸುತ್ತಿ ಮೀನಖಂಡ ಹಿಡಿಯಿತು ಎಂದಿದ್ದೀರಿ. ಈಗ ಗೈಡ್ ಇರುವ ಚಾರಣ ತಂಡದ ಜೊತೆ ಸಂಡೂರಿನ ಬೆಟ್ಟ ಹತ್ತಲು ಹೆಸರು ಕೊಡಬಹುದಾ ಎಂದು ಕೇಳಿದ್ದೀರಿ. ಬಿಸಿಲೇ ಮುಖ್ಯ ಕಾರಣ ಇರಬೇಕು. ಆ ಹೊತ್ತಿಗೆ ಬಂಡೆ ಕಾದಿರುತ್ತದೆ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಸಾಲದು. ಆದರೆ ಬಿಪಿ, ಸಕ್ಕರೆ ಕಾಯಿಲೆಯಿಂದಲೂ ತಲೆ ಸುತ್ತಬಹುದು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಆಗ ಎದೆನೋವೂ ಇದ್ದಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ.

ಅದೇನೂ ಇಲ್ಲದಿದ್ದರೆ ಅಂಜನಾದ್ರಿಗೇ ಮತ್ತೆ ಹೋಗಿ, ಬೆಳಕು ಹರಿಯುತ್ತಿದ್ದಂತೆ ಶುರು ಮಾಡಿ. ಸುಮಾರು 575 ಮೆಟ್ಟಿಲು. ಮಾತಾಡುತ್ತಾ ಹತ್ತುವಷ್ಟು ವೇಗ ಸಾಕು, ಏದುಸಿರು ಬಂದರೆ ನಿಲ್ಲಿ. ಆರಾಮಾಗಿ ಮೇಲೆ ತಲುಪಿದರೆ ಸಂಡೂರಿಗೆ ಹೆಸರು ಕೊಡಿ.

ಅದಕ್ಕೂ ಮುಂಚೆ ಗೈಡ್‌ಗೆ ಫೋನ್ ಮಾಡಿ, ಆಗಿದ್ದೆಲ್ಲ ಹೇಳಿ. ಮುಚ್ಚಿಡಬೇಡಿ. ಒಟ್ಟು ಎಷ್ಟು ಕಿಲೋಮೀಟರ್, ಏರು ಎಷ್ಟು, ದಾರಿಯಲ್ಲಿ ನೀರು ಸಿಗುತ್ತಾ, ಅರಣ್ಯ ಇಲಾಖೆಯ ಅನುಮತಿ ಇದೆಯಾ, ಯಾರಾದರೂ ಸುಸ್ತಾದರೆ ಅವರ ಜೊತೆ ಕೆಳಗಿಳಿಯೋಕೆ ಇನ್ನೊಬ್ಬರು ಇರ್ತಾರಾ, ಎಲ್ಲ ಕೇಳಿ. ಕೊನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆ ತಂಡವನ್ನೇ ಬಿಟ್ಟುಬಿಡಿ. ಬೇಸಿಗೆಯಲ್ಲಂತೂ ಬೇಡ. ಮಳೆ ಬಿದ್ದ ಮೇಲೆ ಸಂಡೂರಿನ ಬೆಟ್ಟಗಳು ಹಸಿರಾಗಿ ಬಲು ಚೆಂದ ಇರುತ್ತವೆ. ಆದರೆ ಕೆಂಪು ಮಣ್ಣು ಜಾರುತ್ತದೆ, ಚಪ್ಪಲಿ ಸಾಲದು, ಹಿಡಿತ ಇರುವ ಶೂ ಬೇಕು.

ಆ ದಿನ 3 ಲೀಟರ್ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಯಿರಿ. ತಲೆ ಸುತ್ತಿದರೆ ತಕ್ಷಣ ನೆರಳಲ್ಲಿ ಕೂತು ಗೈಡ್‌ಗೆ ಹೇಳಿ. ಕಡಿಮೆಯಾಗದಿದ್ದರೆ ಅವರ ಜೊತೆ ಇಳಿದುಬಿಡಿ.