ಅವ್ವನ ಸೀರೆ ಯಾರು ಉಡಬೇಕು?

ಬಾಗಲಕೋಟೆ ನವನಗರದ ಓದುಗರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಅವ್ವ ತೀರಿಕೊಂಡು 10 ತಿಂಗಳು. ಅವರ 6 ಇಳಕಲ್ ಸೀರೆ ಟ್ರಂಕಿನಲ್ಲಿವೆ. ಮೊನ್ನೆ ತಂಗಿ ಒಂದನ್ನು ಉಟ್ಟು ರೊಟ್ಟಿ ಬಡಿಯುತ್ತಿದ್ದಾಗ ಅಪ್ಪ ತಾಟು ಬಿಟ್ಟು ಎದ್ದು ಹೋದರು. ಎಲ್ಲ ಯಾರಿಗಾದರೂ ಕೊಟ್ಟುಬಿಡಿ ಅಂತ ಅಣ್ಣ. ಸತ್ತವರ ಸೀರೆ ಉಡಬಾರದು ಅಂತ ಸೋದರತ್ತೆ ಬೇರೆ. ನಮ್ಮಿಂದ ತಪ್ಪಾಯಿತಾ ಅಂತ ಕೇಳಿದ್ದೀರಿ.

ಅತ್ತೆಯ ಮಾತು ಮೊದಲು, ಅದು ಸುಲಭ. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಎಡೆ ಹಿಡಿದು, ಪಕ್ಕದಲ್ಲಿ ಹೊಸ ಸೀರೆ ಇಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ಉಡುವವರು ಯಾರು? ಮನೆಯ ಮಗಳೋ ಸೊಸೆಯೋ ಅಲ್ವಾ? ಹೋದವರ ಹೆಸರಿನ ಸೀರೆ ಮನೆಯೊಳಗೇ ಓಡಾಡುತ್ತದೆ. ಅತ್ತೆಯೂ ಉಟ್ಟಿರಬಹುದು, ಕೇಳಿ ನೋಡಿ.

ಅಣ್ಣನ ಮಾತು ಮಾತ್ರ ಚುಚ್ಚಿತು. ನಮ್ಮವ್ವ ಹೋದಾಗ ನಾನೂ ಹಾಗೇ ಮಾಡಿದ್ದೆ. ದಿನಕರ್ಮ ಮುಗಿದ ಮರುದಿನವೇ ಟ್ರಂಕು ಖಾಲಿ. ಈಗ ಒಂದು ಅಡಕೊತ್ತು ಉಳಿದಿದೆ. ಅದರ ಹಿಡಿಗೆ ಅವಳ ಬೆರಳಿನ ಸುಣ್ಣ ಮೆತ್ತಿಕೊಂಡಿದೆ. ತೊಳೆದಿಲ್ಲ.

ಇನ್ನು ಅಪ್ಪ. ಸಿಟ್ಟಿನಿಂದ ಎದ್ದರು ಅಂತ ಬರೆದಿದ್ದೀರಿ. ನನಗೇನೋ ಹಾಗನ್ನಿಸಲಿಲ್ಲ. ಒಲೆ ಮುಂದೆ ಬೆನ್ನು ಮಾಡಿ ಕೂತವಳ ಕೆಂಪು ಸೆರಗಷ್ಟೇ ಕಂಡಿರಬೇಕು ಅವರಿಗೆ. ಮುಂದಿನ ಸಲ ತಂಗಿ ಹೇಳಿಯೇ ಉಡಲಿ. ಆಮೇಲೆ ಸುಮ್ನೆ ಕೇಳಿ, ಈ ಸೀರೆ ಯಾವಾಗ ತಂದದ್ದು ಅಂತ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋದಾಗಲೂ ಅವರು ತುಟಿ ಬಿಚ್ಚಿರಲಿಲ್ಲ ಅಂದಿದ್ದೀರಿ. ಅಂಥವರನ್ನು 'ಅವ್ವ ನೆನಪಾಗ್ತಾಳಾ' ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಸೀರೆಯ ರೇಟು ಕೇಳಿದರೆ ಬಂದೀತು.

ಹರಿದ ಎರಡನ್ನು ಕೌದಿಗೆ ಕೊಡೋಣವೇ ಅಂದಿರಿ. ಕೊಡಿ. ಆದರೆ ಒಡಲೂ ಸೆರಗೂ ಕೂಡುವ ಜಾಗಕ್ಕೆ ಕತ್ತರಿ ತಾಗದಿರಲಿ. ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ನೇಕಾರರು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ್ದು ಅಲ್ಲೇ. ಅದರಿಂದ ನಾಲ್ಕು ಬೆರಳು ಒಡಲಿನ ಕಡೆ ಬಿಟ್ಟು ಕತ್ತರಿಸಿದರೆ ಟೋಪತೆನಿ ಸೆರಗು, ಅಂದರೆ ಆ ಕೆಂಪು-ಬಿಳಿ ಪಟ್ಟಿಯ ಸೆರಗು, ಇಡಿಯಾಗಿ ಉಳಿಯುತ್ತದೆ. ಸೆರಗು ತಂಗಿ ಇಟ್ಟುಕೊಳ್ಳಲಿ.

ಕೌದಿ ಅಣ್ಣನಿಗೇ ಕೊಡಿ. ಮೊದಲು ಬೇಡ ಅನ್ನಬಹುದು. ಚಳಿ ಬೀಳಲಿ.

– ಸಂಪಾದಕ