ಮೆಲುಕು ಹಾಕೋದು ದನ ಮಾತ್ರನಾ?

ಪ್ರಶ್ನೆ: ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ‘ಗುರುಗಳ ಜೊತೆ ಕಳೆದ ದಿನಗಳನ್ನು ಮೆಲುಕು ಹಾಕೋಣ’ ಅಂದೆ. ಹಿರಿಯರೊಬ್ಬರು ‘ಅದು ದನದ ಕೆಲಸ, ಸ್ಮರಿಸೋಣ ಅನ್ನು’ ಅಂತ ತಿದ್ದಿದರು. ಯಾವುದು ಸರಿ? ಮೆಲುಕಿಗೂ ‘ಮೆಲ್ಲಗೆ’ಗೂ ನಂಟು ಇದೆಯಾ?
– ಓದುಗರೊಬ್ಬರು, ಅಣ್ಣಿಗೇರಿ

ಉತ್ತರ: ನೀವು ಅಂದದ್ದೇ ಸರಿ. ಧೈರ್ಯವಾಗಿ ಬಳಸಿ.

ಮೊದಲು ನಂಟಿನ ಮಾತು. ಮೆಲುಕು ಬಂದದ್ದು ‘ಮೆಲ್ಲು’ ಅನ್ನೋದರಿಂದ, ಅಂದರೆ ಅಗಿದು ತಿನ್ನು. ತಮಿಳಿನಲ್ಲೂ ಮೆಲ್ ಅಂದರೆ ಅಗಿ ಅಂತಲೇ. ಮೆಲ್ಲಗೆ, ಮೆಲುದನಿ ಬೇರೆ ಬೇರಿನವು, ಅಲ್ಲಿ ಮೆಲ್ ಅಂದರೆ ಮೆತ್ತಗೆ. ದನ ನಿಧಾನವಾಗಿ ಮೆಲುಕು ಹಾಕುತ್ತದಲ್ವಾ, ಅದಕ್ಕೇ ಎರಡೂ ಒಂದೇ ಅನಿಸಿಬಿಡುತ್ತವೆ.

ಇನ್ನು ದನದ ವಿಷಯ. ನಮ್ಮ ಕಡೆ ‘ಎಮ್ಮಿ ಮೆಲಕ ಹಾಕಾಕತ್ತೈತಿ’ ಅಂತಾರೆ. ಅದು ಕಣಕಿಯನ್ನು ಗಬಗಬ ನುಂಗಿ, ಆಮೇಲೆ ನೆಳಲಲ್ಲಿ ಮಲಗಿದಾಗ ಹೊಟ್ಟೆಯಿಂದ ಒಂದೊಂದೇ ಉಂಡೆಯನ್ನು ಬಾಯಿಗೆ ತಂದುಕೊಳ್ಳುತ್ತದೆ, ನೋಡುತ್ತಾ ನಿಂತರೆ ಉಂಡೆ ಕುತ್ತಿಗೆಯಲ್ಲಿ ಮೇಲೇರೋದು ಹೊರಗಿನಿಂದಲೇ ಕಾಣುತ್ತದೆ. ಒಂದು ಉಂಡೆಯನ್ನು ಸುಮಾರು 40ರಿಂದ 60 ಸಲ ಅಗಿದು ನುಂಗುತ್ತದೆ, ಮತ್ತೊಂದು ಬರುತ್ತದೆ. ದಿನಕ್ಕೆ ಏಳೆಂಟು ತಾಸು ಇದೇ ಕೆಲಸ. ಕುದುರೆ, ಕತ್ತೆಗೆ ಇದು ಬರೋದಿಲ್ಲ. ದನ ಮೆಲುಕು ಬಿಟ್ಟರೆ ರೈತರ ಮನೆಯಲ್ಲಿ ಎಲ್ಲರಿಗೂ ಚಿಂತೆ, ಮೈ ಸರಿ ಇಲ್ಲ ಅಂತ ಗೊತ್ತಾಗೋದೇ ಹಾಗೆ. ಇಂಥ ಮಾತನ್ನು ಕೀಳು ಅನ್ನೋದು ಸರಿಯಲ್ಲ. ತೆಲುಗರೂ ನೆನಪಿಗೆ ‘ನೆಮರು ವೇಸುಕೊನು’ ಅಂತಾರೆ, ತಮಿಳರು ‘ಅಸೈ ಪೋಡು’ ಅಂತಾರೆ. ಎರಡೂ ದನದ ಮೆಲುಕೇ!

ಆದರೆ ಒಂದು ಕಟ್ಟು ಇದೆ. ಮೊದಲು ನುಂಗಿದ್ದು ಇರಬೇಕು. ‘ಮುಂದಿನ ವರ್ಷದ ಯೋಜನೆ ಮೆಲುಕು ಹಾಕಿದರು’ ಅಂತ ಬರೆಯೋದು ತಪ್ಪು, ಅಲ್ಲಿ ಯೋಚಿಸಿದರು ಅಂದರೆ ಸಾಕು. ಜೊತೆಗೆ ಮೆಲುಕಿನಲ್ಲಿ ರುಚಿ ಇರಬೇಕು. ಹಳೆ ಅವಮಾನವನ್ನೇ ರಾತ್ರಿಯೆಲ್ಲ ನೆನೆದು ಒದ್ದಾಡೋದಕ್ಕೆ ಕೊರಗು ಅನ್ನೋ ಮಾತಿದೆ. ಹೇಳಿದ್ದನ್ನೇ ಹೇಳಿ ಬೇಸರ ತರಿಸೋದು ಚರ್ವಿತಚರ್ವಣ. ಅಲ್ಲೂ ಅಗಿಯೋದೇ, ಆದರೆ ಅದು ಬೈಗುಳ. ಒಂದು ಪಾಠ ಕೇಳಿ, ಮನೆಗೆ ಬಂದು ಅದನ್ನೇ ತಿರುವಿ ತಿರುವಿ ಯೋಚಿಸಿದರೆ ಅದು ಮೆಲುಕೇ. ಈ ಬಳಕೆ ಈಗ ಕಡಿಮೆಯಾಗಿ, ಮೆಲುಕು ಅಂದರೆ ಬರೀ ಹಳೆ ನೆನಪು ಅನ್ನುವಂತಾಗಿದೆ. ನನಗೆ ಅದು ನಷ್ಟ ಅನಿಸುತ್ತದೆ.

ಮಾತಿನಲ್ಲಿ ಮೆಲಕ, ಮೆಲಕು ಅಂದರೂ ಬರೆಯುವಾಗ ಮೆಲುಕು ಅಂತ ಬರೆಯಿರಿ.

ನಿಮ್ಮ ಹಿರಿಯರ ‘ಸ್ಮರಿಸೋಣ’ ತಪ್ಪಲ್ಲ. ಆದರೆ ಅದನ್ನು ತೀರಿಹೋದವರ ಬಗ್ಗೆ ಹೇಳೋದೇ ಜಾಸ್ತಿ. ಗುರುಗಳು ಎದುರಿಗೇ ಕೂತಿದ್ದರೆ ಮೆಲುಕು ಹಾಕೋಣ ಅನ್ನೋದೇ ಚೆಂದ.