ಚೈನಿನ ನೇರ ಮತ್ತು ಹಲ್ಲುಚಕ್ರದ ಅಂತರ

ಪ್ರಶ್ನೆ: ಹಳೆಯ ಮೌಂಟನ್ ಬೈಕ್ ಒಂದನ್ನು ಒಂದೇ ಗೇರಿನ ಸೈಕಲ್ಲಾಗಿ ಮಾರ್ಪಡಿಸುತ್ತಿದ್ದೇನೆ. ಮುಂದೆ, ಪೆಡಲುಗಳ ಬಳಿ, 44 ಹಲ್ಲಿನ ಚೈನ್‌ರಿಂಗ್ (ದೊಡ್ಡ ಹಲ್ಲುಚಕ್ರ) ಇದೆ. ಹಿಂದೆ ಫ್ರೀಹಬ್ (ಹಿಂದಿನ ಚಕ್ರದಲ್ಲಿ ಹಲ್ಲುಚಕ್ರಗಳು ಕೂರುವ ಭಾಗ) ಮೇಲೆ 18 ಹಲ್ಲಿನ ಒಂದು ಕಾಗ್ (ಚಿಕ್ಕ ಹಲ್ಲುಚಕ್ರ) ಇಟ್ಟು, ಉಳಿದ ಜಾಗವನ್ನು ಸ್ಪೇಸರ್‌ಗಳಿಂದ (ಜಾಗ ತುಂಬುವ ಬಳೆಗಳಿಂದ) ತುಂಬಿದ್ದೇನೆ. ಚೈನ್ ನೇರವಾಗಲೆಂದು ಚೈನ್‌ರಿಂಗನ್ನು ಕ್ರ್ಯಾಂಕಿನ (ಪೆಡಲಿನ ತೋಳಿನ) ಒಳಮಗ್ಗುಲಿಗೆ ಕೂರಿಸಿದರೆ ಹಲ್ಲುಗಳು ಚೈನ್‌ಸ್ಟೇಗೆ (ಪೆಡಲಿನ ಬಳಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ) ತಾಗುತ್ತವೆ. ಹೊರಮಗ್ಗುಲಿಗೆ ಕೂರಿಸಿದರೆ ತಾಗುವುದಿಲ್ಲ, ಆದರೆ ಚೈನ್ ಓರೆಯಾಗುತ್ತದೆ. ಉದ್ದದ ಬಾಟಮ್ ಬ್ರಾಕೆಟ್ (ಕ್ರ್ಯಾಂಕುಗಳು ತಿರುಗುವ ಆಕ್ಸಲ್ ಇರುವ ಭಾಗ) ಹಾಕಬೇಕೇ?

ಉತ್ತರ: ಬೇಕಾಗಿಲ್ಲ. ನೀವು ಹಿಂದಿನ ಕಾಗ್ ಇರುವ ಜಾಗವನ್ನೇ ಖಚಿತವೆಂದು ಇಟ್ಟುಕೊಂಡು ಮುಂದಿನ ಚೈನ್‌ರಿಂಗನ್ನು ಅದಕ್ಕೆ ಹೊಂದಿಸಲು ಹೊರಟಿದ್ದೀರಿ. ಕೆಲಸ ಇದರ ತಿರುವುಮುರುವಾಗಿ ಸಾಗಬೇಕು. ಚೈನ್‌ರಿಂಗ್ ಎಷ್ಟು ಒಳಗೆ ಬರಬಹುದೆಂಬುದನ್ನು ಫ್ರೇಮ್ ನಿರ್ಧರಿಸುತ್ತದೆ, ಅದನ್ನು ಬದಲಿಸಲು ನಮ್ಮಿಂದಾಗದು. ಫ್ರೀಹಬ್ ಮೇಲಿನ ಕಾಗನ್ನಾದರೋ ಸ್ಪೇಸರ್‌ಗಳ ನೆರವಿನಿಂದ ಬೇಕಾದಲ್ಲಿಗೆ ಸರಿಸಬಹುದು. ಆದ್ದರಿಂದ ಚೈನ್‌ರಿಂಗನ್ನು ಹೊರಮಗ್ಗುಲಲ್ಲೇ ಬಿಟ್ಟು, ಕಾಗನ್ನು ಅದರ ನೇರಕ್ಕೆ ತನ್ನಿ.

ಎಷ್ಟು ಸರಿಸಬೇಕೆಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆದು ನೋಡಿ. ಚೈನ್‌ಲೈನ್ ಎಂದರೆ ಫ್ರೇಮಿನ ನಡುಗೆರೆಯಿಂದ ಹಲ್ಲಿನ ದಪ್ಪದ ನಡುವಿನವರೆಗಿನ ದೂರ. ಮುಂದಿನದನ್ನು ತಿಳಿಯಲು ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಕೊಳವೆಯ) ವ್ಯಾಸದ ಅರ್ಧಕ್ಕೆ, ಆ ಕೊಳವೆಯ ಬಲಮೈಯಿಂದ ಚೈನ್‌ರಿಂಗಿನ ಹಲ್ಲಿನ ನಡುವಿಗಿರುವ ದೂರವನ್ನು ಕೂಡಿಸಬೇಕು. ಕೊಳವೆ 28.6 ಮಿ.ಮೀ. ಇದ್ದು, ಆ ದೂರ 32.7 ಮಿ.ಮೀ. ಬಂದರೆ ಮುಂದಿನ ಚೈನ್‌ಲೈನ್ 47 ಮಿ.ಮೀ. ಹಿಂದೆ ಹಬ್ಬಿನ ಅಗಲ 135 ಮಿ.ಮೀ. ಎಂದುಕೊಂಡರೆ ಅದರ ಅರ್ಧ 67.5, ಇದರಿಂದ ಬಲಗಡೆಯ ಲಾಕ್‌ನಟ್ಟಿನ (ಹಬ್ಬಿನ ತುದಿಯ ನಟ್ಟಿನ) ಹೊರಮೈಗೂ ಕಾಗಿನ ಹಲ್ಲಿನ ನಡುವಿಗೂ ಇರುವ ದೂರವನ್ನು ಕಳೆಯಬೇಕು. ಆ ದೂರ 25.5 ಇದ್ದರೆ ಹಿಂದಿನ ಚೈನ್‌ಲೈನ್ 42 ಮಿ.ಮೀ., ಅಂದರೆ ಎರಡರ ನಡುವೆ 5 ಮಿ.ಮೀ. ವ್ಯತ್ಯಾಸ. ಕಾಗಿನ ಹೊರಗಿರುವ ಸ್ಪೇಸರ್‌ಗಳಲ್ಲಿ 5 ಮಿ.ಮೀ.ನಷ್ಟನ್ನು ತೆಗೆದು ಅದರ ಒಳಗಡೆಗೆ, ಕಡ್ಡಿಗಳ ಪಕ್ಕಕ್ಕೆ, ಹಾಕಿದರೆ ವ್ಯತ್ಯಾಸ ಅಳಿಯುತ್ತದೆ. ಒಟ್ಟು ದಪ್ಪ ಮೊದಲಿನಷ್ಟೇ ಇರುವುದರಿಂದ ಇವೆಲ್ಲವನ್ನೂ ಹಿಡಿದಿಡುವ ಲಾಕ್‌ರಿಂಗ್ ಕೂಡ ಹಿಂದಿನಂತೆಯೇ ಬಿಗಿಯಾಗುತ್ತದೆ. ಕೊನೆಗೆ ಒಂದು ಮಿ.ಮೀ.ನೊಳಗಿನ ವ್ಯತ್ಯಾಸ ಉಳಿದರೆ ಚಿಂತೆಯಿಲ್ಲ.

ಇನ್ನು ಚೈನ್‌ಸ್ಟೇಯ ಅಂತರದ ವಿಷಯ. ನಿಂತಿರುವ ಸೈಕಲ್ಲಿನಲ್ಲಿ ತಾಗದ ಹಲ್ಲು ಏರಿನಲ್ಲಿ ತಾಗಬಹುದು, ಏಕೆಂದರೆ ಪೆಡಲಿನ ಮೇಲೆ ಭಾರ ಬಿದ್ದಾಗ ಫ್ರೇಮೂ ಕ್ರ್ಯಾಂಕೂ ತುಸು ಬಾಗುತ್ತವೆ. ನಾನೊಮ್ಮೆ ಒಂದೇ ಮಿ.ಮೀ. ಅಂತರ ಬಿಟ್ಟು ತೃಪ್ತನಾಗಿದ್ದೆ. ಕೆಲವು ದಿನಗಳಲ್ಲಿ ಚೈನ್‌ಸ್ಟೇಯ ಬಣ್ಣದ ಮೇಲೆ ಬಾಗಿದ ಸಣ್ಣ ಗೀರುಗಳು ಸಾಲಾಗಿ ಮೂಡಿದ್ದವು. ಅಂದಿನಿಂದ 3 ಮಿ.ಮೀ. ಅಲೆನ್ ಕೀಯನ್ನು ಆ ಸಂದಿಯಲ್ಲಿ ತೂರಿಸಿ ನೋಡದೆ ಕೆಲಸ ಮುಗಿಸುವುದಿಲ್ಲ. ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ನಿಧಾನವಾಗಿ ತಿರುಗಿಸುತ್ತ, ಚೈನ್‌ರಿಂಗ್ ಅತಿ ಹತ್ತಿರ ಬರುವ ಕಡೆಯಲ್ಲೇ ಕೀ ಸಡಿಲವಾಗಿ ಹಾಯುತ್ತದೆಯೇ ಎಂದು ನೋಡಿ. ಬಳಿಕ ಬ್ರೇಕ್ ಹಿಡಿದು ಪೆಡಲನ್ನು ಬಲವಾಗಿ ಒತ್ತಿ ಮತ್ತೊಮ್ಮೆ ನೋಡಿ.

ಹೊರಮಗ್ಗುಲಲ್ಲಿಯೂ ಅಂತರ ಸಾಲದಿದ್ದರೆ ನನ್ನ ಆಯ್ಕೆ ಚಿಕ್ಕ ಚೈನ್‌ರಿಂಗ್. 44ಕ್ಕೆ 18ರ ಅನುಪಾತ 2.44, 39ಕ್ಕೆ 16 ಇಟ್ಟರೂ ಅದೇ 2.44 ಬರುತ್ತದೆ, ಪೆಡಲ್ ತುಳಿಯುವ ಶ್ರಮದಲ್ಲಿ ವ್ಯತ್ಯಾಸವೇ ತಿಳಿಯದು. ಆದರೆ ಚೈನ್‌ರಿಂಗಿನ ತ್ರಿಜ್ಯ ಸುಮಾರು 89 ಮಿ.ಮೀ.ನಿಂದ 79 ಮಿ.ಮೀ.ಗೆ ಇಳಿಯುತ್ತದೆ. ಚೈನ್‌ಸ್ಟೇಗಳು ಹಿಂದೆ ಹೋದಂತೆ ಅಗಲವಾಗಿ ಹರಡಿಕೊಳ್ಳುವುದರಿಂದ, ಹಲ್ಲು ಹತ್ತು ಮಿ.ಮೀ. ಮುಂದಕ್ಕೆ ಬಂದರೆ ಸಿಗುವ ಬಿಡುವು ಗಣನೀಯವಾದುದು. ಚೈನ್‌ರಿಂಗ್ ಕ್ರ್ಯಾಂಕಿಗೆ ಹೊಂದುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಉದ್ದದ ಬಾಟಮ್ ಬ್ರಾಕೆಟ್ ಕೊನೆಯ ಮಾರ್ಗ. ಎರಡೂ ಬದಿ ಸಮನಾಗಿರುವ ಆಕ್ಸಲ್ 4 ಮಿ.ಮೀ. ಉದ್ದವಾದರೆ ಚೈನ್‌ರಿಂಗ್ ಹೊರಕ್ಕೆ ಸರಿಯುವುದು 2 ಮಿ.ಮೀ. ಮಾತ್ರ, ಪೆಡಲುಗಳೂ ಅಷ್ಟೇ ದೂರವಾಗುತ್ತವೆ. ಚೌಕ ತುದಿಯ ಆಕ್ಸಲ್‌ಗಳಲ್ಲಿ ಜೆಐಎಸ್ (ಜಪಾನಿನ ಮಾನಕ) ಮತ್ತು ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಎಂಬ ಎರಡು ಅಳತೆಗಳಿವೆ. ಐಎಸ್‌ಒ ಕ್ರ್ಯಾಂಕನ್ನು ಜೆಐಎಸ್ ಆಕ್ಸಲ್‌ಗೆ ಹಾಕಿದರೆ ಅದು ಪೂರ್ತಿ ಒಳಗೆ ಕೂರದೆ ಕೆಲವು ಮಿ.ಮೀ. ಹೊರಗೇ ನಿಲ್ಲುತ್ತದೆ. ಅಂತರ ಪಡೆಯಲು ಇದನ್ನು ಉಪಾಯವಾಗಿ ಬಳಸಬೇಡಿ. ಕ್ರ್ಯಾಂಕಿನ ಹಿಡಿತವೇ ಕಡಿಮೆಯಾಗುತ್ತದೆ.

ಕಾಗ್ ಹಳೆಯ ಕ್ಯಾಸೆಟ್ಟಿನಿಂದ (ಹಲವು ಗೇರಿನ ಕಾಗುಗಳ ಗುಚ್ಛದಿಂದ) ಬಿಚ್ಚಿದ್ದಾದರೆ ಅದನ್ನೂ ಬದಲಿಸಿ. ಗೇರ್ ಬದಲಾಗುವಾಗ ಚೈನ್ ಸುಲಭವಾಗಿ ಹಾರಲೆಂದೇ ಅದರ ಕೆಲವು ಹಲ್ಲುಗಳನ್ನು ಗಿಡ್ಡ ಮಾಡಿರುತ್ತಾರೆ; ನಿಮಗೆ ಬೇಕಿರುವುದು ಚೈನನ್ನು ಬಿಡದೆ ಹಿಡಿಯುವ ಎತ್ತರದ ಹಲ್ಲು. ನಿಮ್ಮ ಫ್ರೇಮಿನಲ್ಲಿ ಚಕ್ರವನ್ನು ಹಿಂದಕ್ಕೆ ಎಳೆಯಲು ಅವಕಾಶವಿಲ್ಲದಿದ್ದರೆ ಚೈನ್ ಬಿಗಿಗೊಳಿಸುವ ಟೆನ್ಷನರ್ ಬೇಕಾಗುತ್ತದೆ, ಅದರ ಪುಟ್ಟ ಗಾಲಿಯನ್ನೂ ಇದೇ 47 ಮಿ.ಮೀ. ಗೆರೆಗೆ ತಂದು ನಿಲ್ಲಿಸಿ.